ರಜೆಯಲ್ಲಿದ್ದಾಗಲೇ ‘ನಾಟ್ ರೆಕಮೆಂಡೆಡ್’ ಅಂತ ಬಂತು, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಒಂದು ಯೂನಿವರ್ಸಿಟಿಯಲ್ಲಿ ಸಸ್ಯಶಾಸ್ತ್ರದ ಅಸಿಸ್ಟೆಂಟ್ ಪ್ರೊಫೆಸರ್. ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ ಪ್ರಪೋಸಲ್ ಬರೆದು ಸಂಶೋಧನೆಗೆ ದುಡ್ಡು ಕೊಡುವ ಒಂದು ಸಂಸ್ಥೆಗೆ ಹಾಕಿದ್ದೆ. ಬೇಸಿಗೆ ರಜೆಗೆ ಮಗಳನ್ನು ಕರೆದುಕೊಂಡು ಶಿರಸಿ ಹತ್ತಿರದ ತವರಿಗೆ ಬಂದೆ. ಇಲ್ಲಿ ಸ್ಟೇಟಸ್ ನೋಡಿದರೆ ‘ನಾಟ್ ರೆಕಮೆಂಡೆಡ್’, ಅಂದರೆ ದುಡ್ಡು ಸಿಗುವುದಿಲ್ಲ. ಹೀಗಾಗುತ್ತಿರುವುದು ಮೊದಲ ಸಲವೂ ಅಲ್ಲ. ಅಪ್ಪನ ತೋಟಕ್ಕೂ ಆ ರೋಗ ಬಂದಿದೆ, ಅಂಗಳಕ್ಕೆ ಇಳಿದರೆ ಅದೇ ಕಾಣುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಫೋನ್ ಹಿಡಿದು, ಪ್ರಪೋಸಲ್ ಓದಿ ಅಭಿಪ್ರಾಯ ಕೊಟ್ಟ ರಿವ್ಯೂವರ್‌ಗಳ ಕಮೆಂಟ್ ಓದುತ್ತಾ ಕೂರುತ್ತೇನೆ. ಒಬ್ಬರು ‘ತುಂಬಾ ಅಗತ್ಯವಾದ ಕೆಲಸ’ ಅಂದಿದ್ದಾರೆ, ಇನ್ನೊಬ್ಬರು ‘ಹೊಸತೇನೂ ಇಲ್ಲ’ ಅಂದಿದ್ದಾರೆ. ಮುಂದಿನ ವಾರ ಎಲ್ಲರೂ ಗೋಕರ್ಣಕ್ಕೆ ಹೊರಟಿದ್ದಾರೆ. ಅದನ್ನು ಬಿಟ್ಟು ವಾಪಸ್ ಹೋಗಿ ಬೇರೆ ಕಡೆ ಪ್ರಪೋಸಲ್ ಹಾಕಲಾ ಅಂತ ಒಂದು ಮನಸ್ಸು, ರಿಸರ್ಚೇ ಬೇಡ, ಪಾಠ ಮಾಡಿಕೊಂಡು ಇದ್ದುಬಿಡೋಣ ಅಂತ ಇನ್ನೊಂದು ಮನಸ್ಸು.
— ಹೆಸರು ಬೇಡ

ಉತ್ತರ: ಗೋಕರ್ಣಕ್ಕೆ ಹೋಗಿ. ಮೊದಲು ಅದನ್ನು ಹೇಳಿಬಿಡುತ್ತೇನೆ, ಯಾಕೆ ಅಂತ ಆಮೇಲೆ ಮಾತಾಡೋಣ.

ನಿಮಗೆ ಆಗಿರುವ ಬೇಜಾರು ಸಣ್ಣದಲ್ಲ. ಒಂದು ಪ್ರಪೋಸಲ್ ಅಂದರೆ ಎಷ್ಟೋ ರಾತ್ರಿಗಳ ಓದು, ಬಜೆಟ್ ಲೆಕ್ಕ, ರಿಜಿಸ್ಟ್ರಾರ್ ಆಫೀಸಿನಿಂದ ಸಹಿ, ಪೋರ್ಟಲ್‌ನಲ್ಲಿ ಅಪ್‌ಲೋಡ್ ಆಗದ ಪಿಡಿಎಫ್, ಎಲ್ಲವೂ ಸೇರಿದ್ದು. ನಿಮ್ಮದರಲ್ಲಿ ಅಪ್ಪನ ತೋಟವೂ ಸೇರಿದೆ. ಹಾಗಾಗಿ ‘ಬಿಡು, ಮುಂದಿನ ಸಲ ಬರುತ್ತೆ’ ಅಂತ ಮನೆಯವರು ಹೇಳಿದಾಗ ಸಮಾಧಾನ ಆಗದಿದ್ದರೆ ಅದು ಸಹಜ. ಎರಡು ದಿನ ಅಳು ಬಂದರೆ ಅಳಿ. ಆದರೆ ರಾತ್ರಿ ಕಮೆಂಟ್ ಓದುವುದನ್ನು ಮಾತ್ರ ಇವತ್ತಿಗೇ ನಿಲ್ಲಿಸಿ. ಆ ಪಿಡಿಎಫ್ ಅನ್ನು ಫೋನಿನಿಂದ ತೆಗೆದುಹಾಕಿ, ಮೇಲ್‌ನಲ್ಲಿ ಹೇಗೂ ಇರುತ್ತದೆ. ಫೋನಿನ ಸಣ್ಣ ಪರದೆಯಲ್ಲಿ, ನಿದ್ದೆಗೆಟ್ಟು, ಕೈಯಲ್ಲಿ ಮೂಲ ಪ್ರಪೋಸಲ್ ಇಲ್ಲದೆ ಓದಿದಾಗ ‘ಹೊಸತೇನೂ ಇಲ್ಲ’ ಅನ್ನುವ ಒಂದು ಸಾಲು ಮಾತ್ರ ಉಳಿಯುತ್ತದೆ, ‘ತುಂಬಾ ಅಗತ್ಯ’ ಅಂದ ಸಾಲು ಕರಗಿಹೋಗುತ್ತದೆ. ಟೇಬಲ್ ಮುಂದೆ ಕೂತು ಪ್ರಪೋಸಲ್ ಪಕ್ಕದಲ್ಲಿಟ್ಟುಕೊಂಡು ಓದಿದರೆ ಅದೇ ಕಮೆಂಟ್‌ನಲ್ಲಿ ತಿದ್ದುವುದಕ್ಕೆ ಏನಾದರೂ ಸಿಗುತ್ತದೆ.

ಇಬ್ಬರು ರಿವ್ಯೂವರ್‌ಗಳು ಎರಡು ದಿಕ್ಕಿಗೆ ಮಾತಾಡಿದ್ದು ನಿಮ್ಮನ್ನು ಜಾಸ್ತಿ ಕಾಡುತ್ತಿದೆ ಅನ್ನಿಸಿತು. ಇದರಲ್ಲಿ ವಿಚಿತ್ರ ಏನೂ ಇಲ್ಲ. ಅಮೆರಿಕದಲ್ಲಿ 43 ರಿವ್ಯೂವರ್‌ಗಳಿಗೆ, ವೈದ್ಯಕೀಯ ಸಂಶೋಧನೆಗೆ ದುಡ್ಡು ಕೊಡುವ ಅಲ್ಲಿನ ಸರ್ಕಾರಿ ಸಂಸ್ಥೆ ಎನ್‌ಐಎಚ್‌ನ 25 ಪ್ರಪೋಸಲ್‌ಗಳನ್ನು ಹಂಚಿ, ಒಂದೊಂದನ್ನೂ ಬೇರೆ ಬೇರೆಯವರಿಂದ ಓದಿಸಿ ನೋಡಿದರು. 2018ರಲ್ಲಿ ಅದರ ಫಲಿತಾಂಶ ಬಂತು. ಒಂದೇ ಪ್ರಪೋಸಲ್ ಓದಿದವರು ಕೊಟ್ಟ ಅಂಕಗಳಲ್ಲಿ ಹೊಂದಾಣಿಕೆಯೇ ಇರಲಿಲ್ಲ. ಅವೆಲ್ಲ ಒಳ್ಳೆಯ ಪ್ರಪೋಸಲ್‌ಗಳು, ಮೊದಲ ಸಲವೋ ಮತ್ತೆ ಹಾಕಿದಾಗಲೋ ಕೊನೆಗೆ ದುಡ್ಡು ಸಿಕ್ಕವು. ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಇದನ್ನು ಒಪ್ಪಿಕೊಂಡು, 2021ರಿಂದ, ದುಡ್ಡು ಸಿಗುವ-ಸಿಗದ ಗೆರೆಯ ಹತ್ತಿರ ಬಂದು ನಿಂತ ಸಮಸಮ ಪ್ರಪೋಸಲ್‌ಗಳ ನಡುವೆ ಚೀಟಿ ಎತ್ತುತ್ತದೆ. ನ್ಯೂಜಿಲೆಂಡಿನ ಆರೋಗ್ಯ ಸಂಶೋಧನಾ ಮಂಡಳಿ ಒಂದು ಬಗೆಯ ಗ್ರಾಂಟ್‌ಗೆ, ಅಂದರೆ ಸಂಶೋಧನೆಯ ಧನಸಹಾಯಕ್ಕೆ, 2013ರಲ್ಲೇ ಹಾಗೆ ಮಾಡಲು ಶುರುಮಾಡಿತ್ತು. ನನಗೆ ಇದು ಪ್ರಾಮಾಣಿಕ ಕ್ರಮ ಅನ್ನಿಸುತ್ತದೆ, ಯಾಕೆಂದರೆ ಚೀಟಿಯಲ್ಲಿ ಹೋದದ್ದನ್ನು ಯಾರೂ ‘ನಾನು ಯೋಗ್ಯಳಲ್ಲ’ ಅಂತ ಓದಿಕೊಳ್ಳುವುದಿಲ್ಲ ಅಲ್ವಾ? ನಮ್ಮಲ್ಲಿ ಚೀಟಿ ಇಲ್ಲ. ಆದರೆ ಆ ಗೆರೆಯ ಹತ್ತಿರ ಅದೃಷ್ಟದ ಪಾಲು ಇಲ್ಲೂ ಇದೆ.

ಇನ್ನು ರಿಸರ್ಚ್ ಬಿಡುವ ಮಾತು. ಇಂಥ ಹೊತ್ತಿನಲ್ಲಿ ಎಲ್ಲರೂ ವಿಜ್ಞಾನಿ ಕಟಲಿನ್ ಕಾರಿಕೊ ಅವರ ಕಥೆ ಹೇಳುತ್ತಾರೆ. ಆಮೇಲೆ ಕೋವಿಡ್ ಲಸಿಕೆಗೆ ದಾರಿಯಾದ ಎಂಆರ್‌ಎನ್‌ಎ ಕೆಲಸಕ್ಕೆ ಗ್ರಾಂಟ್ ಸಿಗದೆ ಸಿಗದೆ, 1995ರಲ್ಲಿ ಹುದ್ದೆಯಲ್ಲೂ ಕೆಳಗಿಳಿದು, 2023ರಲ್ಲಿ ನೊಬೆಲ್ ಪಡೆದವರು. ನಿಜವಾದ ಕಥೆ, ದೊಡ್ಡ ಕಥೆ. ಆದರೆ ಅದರಿಂದ ನಿಮಗೆ ಈಗ ಪ್ರಯೋಜನ ಕಡಿಮೆ. ಅದಕ್ಕಿಂತ ನಿಮಗೆ ಹತ್ತಿರದ ಸಂಗತಿ ಇನ್ನೊಂದಿದೆ. ಎನ್‌ಐಎಚ್‌ಗೆ ಅರ್ಜಿ ಹಾಕಿ ಸ್ವಲ್ಪದರಲ್ಲಿ ಗ್ರಾಂಟ್ ತಪ್ಪಿದ ಕಿರಿಯ ವಿಜ್ಞಾನಿಗಳನ್ನು, ಸ್ವಲ್ಪದರಲ್ಲಿ ಗ್ರಾಂಟ್ ಸಿಕ್ಕವರ ಜೊತೆ ಹೋಲಿಸಿದ ಅಧ್ಯಯನ 2019ರಲ್ಲಿ ಬಂತು. ತಪ್ಪಿದವರಲ್ಲಿ ಆ ವ್ಯವಸ್ಥೆಯಿಂದಲೇ ಕಾಣೆಯಾದವರು ಜಾಸ್ತಿ. ಉಳಿದುಕೊಂಡವರು ಮಾತ್ರ ಮುಂದಿನ ಹತ್ತು ವರ್ಷಗಳಲ್ಲಿ ಗ್ರಾಂಟ್ ಸಿಕ್ಕವರಿಗಿಂತ ಹೆಚ್ಚು ಪ್ರಭಾವದ ಪೇಪರ್ ಬರೆದಿದ್ದರು. ಸೋಲು ಎಲ್ಲರನ್ನೂ ಗಟ್ಟಿ ಮಾಡುತ್ತದೆ ಅಂತ ಇದರಿಂದ ಹೇಳಬಾರದು, ಬಿಟ್ಟು ಹೋದವರ ನಷ್ಟವೂ ಅದೇ ಲೆಕ್ಕದಲ್ಲಿದೆ. ನೀವು ಪಾಠ ಮಾಡಿಕೊಂಡು ಇರುತ್ತೇನೆ ಅಂದರೆ ಅದು ಕೀಳು ದಾರಿ ಖಂಡಿತ ಅಲ್ಲ. ಆದರೆ ತವರಿನಲ್ಲಿ ಕೂತು, ಸುದ್ದಿ ಬಂದ ವಾರದಲ್ಲೇ ಅದನ್ನು ತೀರ್ಮಾನಿಸಬೇಡಿ. ಜೂನ್‌ನಲ್ಲಿ ಕಾಲೇಜು ಶುರುವಾಗಿ, ಲ್ಯಾಬಿನ ಬಾಗಿಲು ತೆಗೆದ ಮೇಲೂ ಹಾಗೇ ಅನ್ನಿಸಿದರೆ ಆಗ ಯೋಚಿಸಿ.

ರಜೆ ಬಿಟ್ಟು ಓಡಿಹೋಗಿ ಪ್ರಪೋಸಲ್ ಹಾಕುವುದೂ ಬೇಡ. ಅವಸರದಲ್ಲಿ ಹೆಸರು ಬದಲಿಸಿ ಇನ್ನೊಂದು ಕಡೆ ಕಳಿಸಿದ ಪ್ರಪೋಸಲ್ ಓದುವವರಿಗೆ ಗೊತ್ತಾಗಿಬಿಡುತ್ತದೆ. ಅದಲ್ಲದೆ ಈಗ ನಿಯಮಗಳೂ ಮೊದಲಿನಂತಿಲ್ಲ. 2023ರ ಕಾಯ್ದೆಯಿಂದ, ಸಂಶೋಧನೆಗೆ ದುಡ್ಡು ಕೊಡುವ ಕೇಂದ್ರದ ಹೊಸ ಸಂಸ್ಥೆ ಎಎನ್‌ಆರ್‌ಎಫ್ ಬಂದು, ಮೊದಲು ಆ ಕೆಲಸ ಮಾಡುತ್ತಿದ್ದ ಎಸ್‌ಇಆರ್‌ಬಿ ಅದರೊಳಗೆ ಸೇರಿತು, ಹಲವು ಯೋಜನೆಗಳ ಹೆಸರು, ಷರತ್ತು ಬದಲಾದವು. ಹೊಸಬರ ಯೋಜನೆಗಳಿಗೆ ವಯಸ್ಸಿನ ಮಿತಿ, ಕೆಲಸಕ್ಕೆ ಸೇರಿದ ದಿನಾಂಕದ ಮಿತಿ ಇರುತ್ತದೆ. ನಿಮಗೆ ಅಂಥ ಕೊನೆಯ ದಿನ ಹತ್ತಿರದಲ್ಲಿದ್ದರೆ ಅದೊಂದನ್ನು ಮಾತ್ರ ಈಗ ನೋಡಿ, ಡೈರಿಯಲ್ಲಿ ಬರೆದಿಡಿ. ರಾಜ್ಯ ಸರ್ಕಾರದ ವಿಜ್ಞಾನ-ತಂತ್ರಜ್ಞಾನ ವಿಷನ್ ಗ್ರೂಪ್ (ವಿಜಿಎಸ್‌ಟಿ) ಕೂಡ ಕರ್ನಾಟಕದ ಅಧ್ಯಾಪಕರಿಗೆ ಗ್ರಾಂಟ್ ಕೊಡುತ್ತದೆ. ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐನ ವಿಟ್ಲ ಕೇಂದ್ರದಲ್ಲಿ ಅಡಿಕೆಯ ಮೇಲೆ ಕೆಲಸ ನಡೆಯುತ್ತದೆ, ಅಲ್ಲಿಯವರೊಬ್ಬರು ಕೋ-ಪಿಐ (ಪ್ರಾಜೆಕ್ಟ್‌ನ ಜೊತೆ ಸಂಶೋಧಕರು) ಆಗಿ ಸೇರಿದರೆ ‘ಹೊಸತೇನು’ ಅನ್ನುವ ಪ್ರಶ್ನೆಗೆ ಇಬ್ಬರೂ ಕೂತು ಉತ್ತರ ಹುಡುಕಬಹುದು. ಇದೆಲ್ಲ ವಾಪಸ್ ಹೋದ ಮೇಲೆ.

ರಜೆಯಲ್ಲೇ ಮಾಡಬೇಕಾದ ಕೆಲಸ ಒಂದಿದೆ. ಈ ಗ್ರಾಂಟ್ ನಂಬಿಕೊಂಡು ಯಾರಾದರೂ ಕಾಯುತ್ತಿದ್ದಾರಾ? ಪ್ರಾಜೆಕ್ಟ್ ಶುರುವಾದರೆ ಸೇರಿಕೊಳ್ಳುತ್ತೇನೆ ಅಂತ ಬೇರೆ ಕೆಲಸ ಬಿಟ್ಟು ಕೂತ ಹುಡುಗಿಯೋ ಹುಡುಗನೋ? ಇದ್ದರೆ ಇವತ್ತೇ ಫೋನ್ ಮಾಡಿ ಹೇಳಿ. ನಿಮಗೆ ಇದು ಒಂದು ವರ್ಷದ ಹಿನ್ನಡೆ, ಅವರಿಗೆ ತಿಂಗಳ ಬಾಡಿಗೆಯ ಪ್ರಶ್ನೆ. ಮನಸ್ಸು ಸರಿಯಾದ ಮೇಲೆ ಹೇಳೋಣ ಅಂತ ಮುಂದೂಡುವ ಸುದ್ದಿ ಇದಲ್ಲ.

ತೋಟದ ವಿಷಯಕ್ಕೆ ಬರುತ್ತೇನೆ. ಎಲೆಚುಕ್ಕಿ ಶಿಲೀಂಧ್ರದಿಂದ ಬರುವ ರೋಗ, ಮಳೆ ಮತ್ತು ತೇವದಲ್ಲಿ ಹರಡುತ್ತದೆ, ನಿಮಗೆ ನಾನು ಹೇಳಬೇಕಾಗಿಲ್ಲ. ಗ್ರಾಂಟ್ ಬರಲಿಲ್ಲ ಅಂತ ಈ ಮಳೆಗಾಲ ಕಾಯುವುದಿಲ್ಲ. ಕೆಲಸ ಶುರುಮಾಡುವುದಕ್ಕೆ ಯೂನಿವರ್ಸಿಟಿಯೇ ಕೊಡುವ ಸೀಡ್ ಮನಿ ಸಿಕ್ಕರೆ ಅದರಲ್ಲೇ, ಇಲ್ಲದಿದ್ದರೆ ಅಪ್ಪನ ಸಹಾಯದಿಂದ, ಈ ತೋಟವೊಂದರ ಎಲೆಗಳ ಸ್ಯಾಂಪಲ್ ಮತ್ತು ಮಳೆಯ ಲೆಕ್ಕ ಇಟ್ಟರೆ ಮುಂದಿನ ಪ್ರಪೋಸಲ್‌ಗೆ ನಿಮ್ಮದೇ ಅಂಕಿಅಂಶ ಇರುತ್ತದೆ. ಹೊರಡುವ ಮುಂಚೆ ಅಪ್ಪನ ಜೊತೆ ಒಂದು ಸುತ್ತು ತೋಟ ತಿರುಗಿ, ರೋಗ ಯಾವ ಮೂಲೆಯಲ್ಲಿ ಮೊದಲು ಕಂಡಿತು, ಯಾವ ವರ್ಷ, ಯಾವ ಔಷಧಿ ಹೊಡೆಸಿದರು ಅಂತ ಕೇಳಿ. ಗ್ರಾಂಟ್ ಸಿಗಲಿಲ್ಲ ಅಂತಲೂ ಅವರಿಗೆ ಹೇಳಿ. ಬೆಳೆಗಾರರಿಗೆ ಕೈಕೊಟ್ಟ ವರ್ಷ ಅಂದರೆ ಏನು ಅಂತ ಚೆನ್ನಾಗಿ ಗೊತ್ತು.

ಪ್ರಶ್ನೆ: ನಾನು ಪ್ರಾಜೆಕ್ಟ್ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ), ಪ್ರಾಜೆಕ್ಟ್ ದುಡ್ಡಿನಲ್ಲೇ ನನ್ನ ಫೆಲೋಶಿಪ್ ಬರುತ್ತದೆ. ನಮ್ಮ ಪ್ರಾಜೆಕ್ಟ್ ಸದ್ಯದಲ್ಲೇ ಮುಗಿಯುತ್ತದೆ, ಮುಂದಿನ ಗ್ರಾಂಟ್ ಸಿಗಲಿಲ್ಲ ಅಂತ ಬೇರೆಯವರಿಂದ ಗೊತ್ತಾಯಿತು. ಪ್ರಾಜೆಕ್ಟ್ ನಡೆಸುವ ಸರ್ ರಜೆಯಲ್ಲಿ ಊರಿಗೆ ಹೋಗಿದ್ದಾರೆ. ಈಗ ಕೇಳಿದರೆ ತಪ್ಪಾಗುತ್ತಾ?
— ಧಾರವಾಡದಿಂದ ಒಬ್ಬ ಓದುಗ

ಉತ್ತರ: ತಪ್ಪಲ್ಲ, ಕೇಳಿ. ಫೋನ್ ಬೇಡ, ಒಂದು ಸಣ್ಣ ಮೇಲ್ ಸಾಕು. ‘ಸರ್, ಗ್ರಾಂಟ್ ವಿಷಯ ಕೇಳಿ ಬೇಜಾರಾಯಿತು. ನನ್ನ ಫೆಲೋಶಿಪ್ ಯಾವ ತಿಂಗಳವರೆಗೆ ಬರುತ್ತದೆ ಅಂತ ತಿಳಿಸಿದರೆ ಮುಂದಿನದು ಯೋಚಿಸುವುದಕ್ಕೆ ಅನುಕೂಲ’ ಅಂತ ಬರೆಯಿರಿ. ತಿಂಗಳಿಗೆ 37,000 ನಿಂತುಹೋಗುವುದು ನಿಮ್ಮ ಮನೆಯ ವಿಷಯ, ಅದನ್ನು ಕೇಳುವ ಹಕ್ಕು ನಿಮಗಿದೆ. ಪ್ರಾಜೆಕ್ಟ್ ಜೆಆರ್‌ಎಫ್ ಪ್ರಾಜೆಕ್ಟ್ ಜೊತೆಗೇ ಮುಗಿಯುತ್ತದೆ. ಸಿಎಸ್‌ಐಆರ್ ಅಥವಾ ಯುಜಿಸಿಯ ರಾಷ್ಟ್ರಮಟ್ಟದ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಪಡೆದರೆ ಅದು ನಿಮ್ಮ ಹೆಸರಿನಲ್ಲೇ ಇರುತ್ತದೆ. ಪರೀಕ್ಷೆ ವರ್ಷಕ್ಕೆ ಎರಡು ಸಲ ನಡೆಯುತ್ತದೆ, ಅರ್ಜಿಯ ಕೊನೆಯ ದಿನಾಂಕ ಇವತ್ತೇ ನೋಡಿಕೊಳ್ಳಿ.