ಯುರೋಪಿನಲ್ಲಿ ಓದುವವರ ಒಡನಾಟ ಮತ್ತು ತಿರುಗಾಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಜರ್ಮನಿಗೆ ಓದಲು ಹೋದ ಕರಾವಳಿಯ ಮಕ್ಕಳ ಬಗ್ಗೆ ಈ ಬಾರಿ ಬಂದ ಪತ್ರಗಳಲ್ಲಿ ಪ್ರವೇಶಾತಿ, ವೀಸಾಗಳ ವಿಚಾರಕ್ಕಿಂತ ಅಲ್ಲಿಗೆ ತಲುಪಿದ ಮೇಲಿನ ಬದುಕಿನ ಪ್ರಶ್ನೆಗಳೇ ಹೆಚ್ಚಾಗಿವೆ. ಅವುಗಳಲ್ಲಿ ನಾಲ್ಕನ್ನು ಆಯ್ದುಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಮಗ ಮಣಿಪಾಲದಲ್ಲಿ ಎಂಜಿನಿಯರಿಂಗ್ ಮುಗಿಸಿ ಸ್ಟುಟ್‌ಗಾರ್ಟ್‌ನಲ್ಲಿ ಸ್ನಾತಕೋತ್ತರ ಪದವಿಗೆ ಸೇರಿದ್ದಾನೆ. ಮನೆಯ ಪತ್ರ ಅಡವಿಟ್ಟು ಶಿಕ್ಷಣ ಸಾಲ ತೆಗೆದಿದ್ದೇವೆ. ಈಗ ನೋಡಿದರೆ ಒಮ್ಮೆ ಪ್ಯಾರಿಸ್, ಒಮ್ಮೆ ಪ್ರಾಗ್, ಮತ್ತೊಮ್ಮೆ ಆಮ್‌ಸ್ಟರ್‌ಡ್ಯಾಮ್ ಎಂದು ಫೋಟೋಗಳು ಬರುತ್ತಿವೆ. "ಓದಲು ಹೋದದ್ದೋ, ಊರು ಸುತ್ತಲು ಹೋದದ್ದೋ" ಎಂದು ಅವನ ತಂದೆ ಕೇಳುತ್ತಾರೆ. ಒಂದೊಂದು ದೇಶಕ್ಕೂ ಬೇರೆ ವೀಸಾ ಬೇಡವೇ? ಇಷ್ಟೊಂದು ಹಣ ಎಲ್ಲಿಂದ ಬರುತ್ತದೆ? ನಾವು ಗದರಿಸಬೇಕೇ, ಸುಮ್ಮನಿರಬೇಕೇ?
– ಒಬ್ಬ ತಾಯಿ, ಕುಂಜಿಬೆಟ್ಟು, ಉಡುಪಿ

ಉತ್ತರ: ಮೊದಲು ಕಾನೂನಿನ ಭಯವನ್ನು ಬಿಡಿ. ಲಕ್ಸೆಂಬರ್ಗ್‌ನಲ್ಲಿ ಮೊಸೆಲ್ ನದಿಯ ದಡದ ಶೆಂಗೆನ್ ಎಂಬ ಪುಟ್ಟ ಊರಿನ ಬಳಿ 1985ರ ಜೂನ್‌ನಲ್ಲಿ ಸಹಿಯಾದ ಒಪ್ಪಂದದ ವ್ಯಾಪ್ತಿಯಲ್ಲಿ ಈಗ 29 ದೇಶಗಳಿವೆ. ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಇರುವ ವಿದ್ಯಾರ್ಥಿಯು ಈ ವಲಯದ ಇತರ ದೇಶಗಳಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ ಒಟ್ಟು 90 ದಿನಗಳವರೆಗೆ ಬೇರೆ ವೀಸಾ ಇಲ್ಲದೆ ತಿರುಗಾಡಬಹುದು. ಇಂಗ್ಲೆಂಡ್ ಮತ್ತು ಐರ್ಲೆಂಡ್ ಈ ವ್ಯವಸ್ಥೆಗೆ ಸೇರಿಲ್ಲವಾದ್ದರಿಂದ ಅಲ್ಲಿಗೆ ಪ್ರತ್ಯೇಕ ವೀಸಾ ಬೇಕು. ಗಡಿ ದಾಟುವಾಗ ಪಾಸ್‌ಪೋರ್ಟ್ ಮತ್ತು ಪರ್ಮಿಟ್ ಕಾರ್ಡ್ ಎರಡೂ ಕೈಯಲ್ಲಿರಬೇಕೆಂದು ಮಗನಿಗೆ ಹೇಳಿ. 2024ರ ಸೆಪ್ಟೆಂಬರ್‌ನಿಂದ ಜರ್ಮನಿಯು ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ನಡೆಸುತ್ತಿದೆ, ರೈಲು ಮತ್ತು ಬಸ್ಸುಗಳಿಗೆ ಪೊಲೀಸರು ಹತ್ತಿ ದಾಖಲೆ ಕೇಳುವುದು ಅಲ್ಲಿ ಮಾಮೂಲಾಗಿದೆ.

ಇನ್ನು ಹಣದ ವಿಚಾರ. ಪ್ಯಾರಿಸ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಟೂರ್ ಕಂಪನಿಯ ಪ್ಯಾಕೇಜ್ ದರ. ವಿದ್ಯಾರ್ಥಿಗಳ ತಿರುಗಾಟಕ್ಕೂ ಅದಕ್ಕೂ ಸಂಬಂಧವಿಲ್ಲ. ರಾತ್ರಿ ಬಸ್ಸಿನಲ್ಲಿ ಕುಳಿತೇ ನಿದ್ದೆ ಮಾಡಿ, ಎಂಟು ಜನ ಮಲಗುವ ಹಾಸ್ಟೆಲ್ ಕೋಣೆಯಲ್ಲಿ ಒಂದು ಮಂಚ ಹಿಡಿದು, ಸೂಪರ್ ಮಾರ್ಕೆಟ್ಟಿನ ಬ್ರೆಡ್ಡು ಬಾಳೆಹಣ್ಣಿನಲ್ಲಿ ದಿನ ಕಳೆಯುವ ಪ್ರಯಾಣ ಅದು. ಇಂಥ ಯೂತ್ ಹಾಸ್ಟೆಲ್‌ಗಳ ಕಲ್ಪನೆ ಹುಟ್ಟಿದ್ದೂ ಜರ್ಮನಿಯಲ್ಲಿಯೇ. ರಿಚರ್ಡ್ ಶಿರ್‌ಮನ್ ಎಂಬ ಶಾಲಾ ಶಿಕ್ಷಕರು ಮಕ್ಕಳನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಒಯ್ಯುತ್ತಿದ್ದವರು, ಅವರ ಪ್ರಯತ್ನದಿಂದ 1912ರಲ್ಲಿ ಆಲ್ಟೆನಾ ಕೋಟೆಯಲ್ಲಿ ಮೊದಲ ಹಾಸ್ಟೆಲ್ ತೆರೆಯಿತು. ನಿಮ್ಮ ಮಗನಿಗೆ ಇನ್ನೂ 26 ತುಂಬದಿದ್ದರೆ ಯುರೋಪಿನ ನಿವಾಸಿ ಎಂಬ ನೆಲೆಯಲ್ಲಿ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯಕ್ಕೆ ಅವನಿಗೆ ಪ್ರವೇಶ ಉಚಿತ. ಜರ್ಮನಿಯೊಳಗೆ ಓಡಾಡಲು ತಿಂಗಳ ಪಾಸ್ ಇದೆ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಆರಂಭವಾದ ಈ ಟಿಕೆಟ್ಟಿನ ದರ 2026ರ ಜನವರಿಯಿಂದ 63 ಯೂರೋ ಆಗಿದೆ. ಅನೇಕ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳಿಗೆ ಇದು ಇನ್ನೂ ಕಡಿಮೆಗೆ ಸಿಗುತ್ತದೆ. ಇದರಲ್ಲಿ ದೇಶದ ಎಲ್ಲ ನಗರ ಬಸ್ಸು, ಟ್ರಾಮ್, ಪ್ರಾದೇಶಿಕ ರೈಲುಗಳನ್ನು ಹತ್ತಬಹುದು. ವೇಗದ ದೂರಪ್ರಯಾಣದ ರೈಲುಗಳಿಗೆ ಮಾತ್ರ ಇದು ನಡೆಯದು.

ಹಾಗೆಂದು ನಿಮ್ಮ ಮನೆಯವರ ಆತಂಕವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಸಾಲದ ಕಂತು ಕಟ್ಟುವ ಮನೆಗೆ ಕೇಳುವ ಹಕ್ಕು ಇದ್ದೇ ಇದೆ. ವೀಸಾಕ್ಕಾಗಿ ನೀವು ಬ್ಲಾಕ್ಡ್ ಅಕೌಂಟಿನಲ್ಲಿ ಇರಿಸಿದ 11,904 ಯೂರೋ ಹಣವು ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ಅವನ ಕೈ ಸೇರುತ್ತದೆ. ಬಾಡಿಗೆ, ಆರೋಗ್ಯ ವಿಮೆ, ಊಟ ಕಳೆದರೆ ಉಳಿಯುವುದು ಅಲ್ಪವೇ. ತಿರುಗಾಟದ ಹಣವನ್ನು ಅವನು ದುಡಿದು ಸಂಪಾದಿಸುತ್ತಿರಬಹುದು. ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಲು ಅಲ್ಲಿನ ಕಾನೂನು ವಿದೇಶಿ ವಿದ್ಯಾರ್ಥಿಗಳಿಗೆ ಅವಕಾಶ ಕೊಡುತ್ತದೆ. ಆದ್ದರಿಂದ ಗದರಿಸುವ ಬದಲು ನೇರವಾಗಿ ಎರಡು ವಿಷಯ ಕೇಳಿ. ಈ ಸೆಮಿಸ್ಟರಿನಲ್ಲಿ ಎಷ್ಟು ಕ್ರೆಡಿಟ್ (ಪಾಸಾದ ವಿಷಯಗಳಿಗೆ ಸಿಗುವ ಅಂಕ) ಬಂದಿದೆ ಎಂಬುದು ಮೊದಲನೆಯದು. ಸೆಮಿಸ್ಟರಿಗೆ ಸುಮಾರು 30 ಕ್ರೆಡಿಟ್ ಆಗುವುದು ಸಾಮಾನ್ಯ ನಡೆ. 15ಕ್ಕಿಂತ ಕೆಳಗಿದ್ದರೆ ಓದು ಹಿಂದೆ ಬಿದ್ದಿದೆ ಎಂದು ತಿಳಿಯಬಹುದು. ಪರೀಕ್ಷೆಗೆ ನೋಂದಾಯಿಸಿಕೊಂಡಿದ್ದಾನೆಯೇ ಎಂಬುದು ಎರಡನೆಯದು. ನಮ್ಮಲ್ಲಿಯಂತೆ ಕಾಲೇಜಿನವರೇ ಹಾಲ್ ಟಿಕೆಟ್ ಕೊಟ್ಟು ಕೂರಿಸುವ ಪದ್ಧತಿ ಅಲ್ಲಿಲ್ಲ; ಗಡುವಿನೊಳಗೆ ವಿದ್ಯಾರ್ಥಿಯೇ ಹೆಸರು ನೋಂದಾಯಿಸಬೇಕು.

ಫೋಟೋಗಳು ಯಾವ ತಿಂಗಳಿನವು ಎಂಬುದನ್ನೂ ಗಮನಿಸಿ. ಚಳಿಗಾಲದ ಸೆಮಿಸ್ಟರಿನ ತರಗತಿಗಳು ಅಕ್ಟೋಬರ್‌ನಲ್ಲಿ ಆರಂಭವಾಗಿ ಫೆಬ್ರವರಿಯಲ್ಲಿ ಮುಗಿಯುತ್ತವೆ. ಬಳಿಕ ಪರೀಕ್ಷೆಗಳು, ಅವುಗಳ ನಡುವೆ ಮತ್ತು ಆಮೇಲೆ ಏಪ್ರಿಲ್‌ವರೆಗೆ ಬಿಡುವು. ಮಾರ್ಚ್, ಆಗಸ್ಟ್, ಸೆಪ್ಟೆಂಬರ್ ತಿಂಗಳ ಫೋಟೋಗಳಾದರೆ ಚಿಂತಿಸುವ ಕಾರಣವಿಲ್ಲ. ನವೆಂಬರ್ ತಿಂಗಳ ಪ್ರತಿ ವಾರಾಂತ್ಯದ ಫೋಟೋಗಳಾದರೆ ನಿಮ್ಮ ಮನೆಯವರ ಪ್ರಶ್ನೆ ಸರಿಯಾದದ್ದೇ. ಆಗಲೂ ನಾನು ಮೊದಲು ಕೇಳುವುದು ಬೇರೊಂದನ್ನು: ಸ್ಟುಟ್‌ಗಾರ್ಟ್‌ನಲ್ಲಿ ಅವನಿಗೆ ಸ್ನೇಹಿತರಿದ್ದಾರೆಯೇ? ಇರುವ ಊರಿನಲ್ಲಿ ಒಡನಾಟ ಸಿಗದ ಮಕ್ಕಳು ಶುಕ್ರವಾರ ಸಂಜೆಯಾಗುತ್ತಲೇ ಬ್ಯಾಗ್ ಹೆಗಲಿಗೇರಿಸಿ ಎಲ್ಲಿಗಾದರೂ ಹೊರಟುಬಿಡುವುದನ್ನು ನಾನು ಸಾಕಷ್ಟು ನೋಡಿದ್ದೇನೆ. ಮುಂದಿನ ಪತ್ರ ಅದಕ್ಕೇ ಸಂಬಂಧಿಸಿದ್ದು.

ಪ್ರಶ್ನೆ: ನಾನು ಪುತ್ತೂರಿನವಳು. ಆಖೆನ್‌ನಲ್ಲಿ ಓದಲು ಬಂದು ಆರು ತಿಂಗಳು ಕಳೆದಿದೆ. ನನ್ನ ಬಳಗದಲ್ಲಿ ಇರುವವರೆಲ್ಲ ಭಾರತೀಯರೇ. ಜರ್ಮನ್ ಸಹಪಾಠಿಗಳು ತರಗತಿಯಲ್ಲಿ ಚೆನ್ನಾಗಿ ಮಾತಾಡುತ್ತಾರೆ, ಆದರೆ ತರಗತಿ ಮುಗಿದೊಡನೆ ಹೊರಟುಹೋಗುತ್ತಾರೆ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ಒಂಟಿತನ ತಡೆಯಲಾಗುತ್ತಿಲ್ಲ. ಅವರು ನಮ್ಮನ್ನು ದೂರ ಇಡುತ್ತಾರೆಯೇ?
– ಹೆಸರು ಬೇಡ

ಉತ್ತರ: ದೂರ ಇಡುವವರು ಇಲ್ಲವೇ ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ನೀವು ವಿವರಿಸಿರುವುದು ಅಂಥದ್ದಲ್ಲ. ನಮ್ಮೂರಿನಲ್ಲಿ ಗೇಟಿನ ಮುಂದೆ ಹಾದುಹೋಗುವವರು ಒಳಗೆ ಬಂದು, ಬೆಲ್ಲ ನೀರು ಕುಡಿದು, ಅರ್ಧ ಗಂಟೆ ಪಟ್ಟಾಂಗ ಹೊಡೆದು ಹೋಗುವುದು ಸಹಜ. ಅಲ್ಲಿ ಭೇಟಿಗೆ ದಿನ ಗೊತ್ತುಮಾಡಿಕೊಳ್ಳಬೇಕು. "ಯಾವಾಗಲಾದರೂ ಸಿಗೋಣ" ಎಂದರೆ ಅದು ನಡೆಯುವುದಿಲ್ಲ. "ಬರುವ ವಾರದ ಗುರುವಾರ ಆರು ಗಂಟೆಗೆ" ಎಂದರೆ ಆರಕ್ಕೆ ಐದು ನಿಮಿಷ ಮೊದಲೇ ಬಂದು ನಿಲ್ಲುತ್ತಾರೆ. ಬಹುತೇಕ ಜರ್ಮನ್ ವಿದ್ಯಾರ್ಥಿಗಳಿಗೆ ಶಾಲಾ ದಿನಗಳಿಂದ ಬಂದ ಗೆಳೆಯರ ಗುಂಪು ಒಂದಿರುತ್ತದೆ, ಎಷ್ಟೋ ಮಂದಿ ವಾರಾಂತ್ಯಕ್ಕೆ ಊರಿಗೆ ಹೋಗುತ್ತಾರೆ. ಹೀಗಾಗಿ ತರಗತಿಯೊಂದರಿಂದಲೇ ಗೆಳೆತನ ಬೆಳೆಯುವುದು ನಿಧಾನ.

ಬೇಗ ಬೆಳೆಯುವ ಜಾಗಗಳು ಎರಡಿವೆ. ಒಂದು, ವಿಶ್ವವಿದ್ಯಾಲಯದ ಕ್ರೀಡಾ ವಿಭಾಗ. ಬ್ಯಾಡ್ಮಿಂಟನ್, ಈಜು, ಬಂಡೆ ಹತ್ತುವುದು, ನೃತ್ಯ ಹೀಗೆ ಹತ್ತಾರು ತರಗತಿಗಳು ಸೆಮಿಸ್ಟರಿಗೆ ಅಲ್ಪ ಶುಲ್ಕದಲ್ಲಿ ಸಿಗುತ್ತವೆ. ನೋಂದಣಿ ತೆರೆದ ದಿನವೇ ಸೀಟು ತುಂಬಿಬಿಡುವುದುಂಟು. ಇದರ ಜೊತೆಗೆ ಊರಿನ ಸಂಘಗಳಿವೆ. ಹಾಡುವವರ, ನಡೆಯುವವರ, ಚದುರಂಗ ಆಡುವವರ ಸಂಘಗಳು ಅಲ್ಲಿ ಸಣ್ಣ ಪಟ್ಟಣಗಳಲ್ಲೂ ಇವೆ; ಏಳು ಮಂದಿ ಸೇರಿದರೆ ಒಂದು ಸಂಘವನ್ನು ನೋಂದಾಯಿಸಬಹುದು. ನಮ್ಮ ಯುವಕ ಮಂಡಲ, ಭಜನಾ ಮಂಡಳಿಗಳನ್ನು ನೋಡಿ ಬೆಳೆದ ನಿಮಗೆ ಇದು ಅಪರಿಚಿತವೆನಿಸದು. ಪ್ರತಿ ಮಂಗಳವಾರ ಅದೇ ಜನ, ಅದೇ ಕೋಣೆ. ಮಾತಿಗೆ ನೆಪ ಹುಡುಕಬೇಕಾಗಿಲ್ಲ. ಜರ್ಮನ್ ಭಾಷೆ ತಡವರಿಸಿದರೂ ನಡೆಯುತ್ತದೆ, ಆದರೆ ಕಲಿಯುವುದನ್ನು ಬಿಡಬೇಡಿ. ಪಾಠ ಇಂಗ್ಲಿಷಿನಲ್ಲಿದ್ದರೂ ಊಟದ ಮೇಜಿನ ತಮಾಷೆಗಳೆಲ್ಲ ಜರ್ಮನಿನಲ್ಲೇ ನಡೆಯುತ್ತವೆ.

ಎರಡನೆಯದು ನಿಮ್ಮ ವಸತಿಗೃಹದ ಅಡುಗೆಮನೆ. ಹತ್ತು ಹನ್ನೆರಡು ಮಂದಿಗೆ ಒಂದೇ ಅಡುಗೆಮನೆ, ಫ್ರಿಜ್ಜಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅರೆ, ಗೋಡೆಯ ಮೇಲೆ ಯಾವ ವಾರ ಯಾರು ಶುಚಿಗೊಳಿಸಬೇಕೆಂಬ ಪಟ್ಟಿ. ನಿಮ್ಮ ಸರದಿಯ ವಾರ ಒಲೆಯನ್ನು, ಸಿಂಕನ್ನು ಚೊಕ್ಕವಾಗಿ ಒರೆಸಿ. ಅದನ್ನು ತಪ್ಪಿಸುವವರ ಬಗ್ಗೆ ಅಲ್ಲಿನವರು ಬಾಯಿ ಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ. ಒಂದು ಭಾನುವಾರ, ಅಂಗಡಿಗಳೆಲ್ಲ ಮುಚ್ಚಿ ಎಲ್ಲರೂ ಮನೆಯಲ್ಲಿರುವ ದಿನ, ನೀರುದೋಸೆ ಹೊಯ್ಯಿರಿ. ಅಕ್ಕಿ ಅಲ್ಲಿನ ಏಷ್ಯನ್ ಅಂಗಡಿಗಳಲ್ಲಿ ಸಿಗುತ್ತದೆ, ಡಬ್ಬಿಯ ತೆಂಗಿನಹಾಲು ಎಲ್ಲೆಡೆ ಇದೆ, ನಾನ್‌ಸ್ಟಿಕ್ ತವಾ ಸಾಕು. ತೆಳ್ಳಗಿನ ದೋಸೆಯನ್ನು ನಾಲ್ಕಾಗಿ ಮಡಚಿ ತಟ್ಟೆಗೆ ಹಾಕುವುದನ್ನು ನೋಡಲು ನಿಂತವರು ತಾವೂ ಒಂದು ಹೊಯ್ದು ನೋಡುತ್ತೇನೆ ಎನ್ನದೆ ಹೋಗುವುದಿಲ್ಲ. ಒಗ್ಗರಣೆಗೆ ಮೊದಲು ಮಾತ್ರ ಕಿಟಕಿ ತೆರೆಯಿರಿ, ಹೊಗೆಯ ಅಲಾರಂ ಹೊಡೆದರೆ ಇಡೀ ಕಟ್ಟಡವೇ ಹೊರಗೆ ಬರಬೇಕಾದೀತು.

ಭಾರತೀಯ ಬಳಗವನ್ನು ಬಿಡಬೇಕಾಗಿಲ್ಲ. ದೊಡ್ಡ ನಗರಗಳಲ್ಲಿ ಕನ್ನಡ ಸಂಘಗಳಿವೆ, ಯುಗಾದಿ, ದೀಪಾವಳಿಗಳಿಗೆ ಹೋಗಿ ಬನ್ನಿ. ವಾರವಿಡೀ ಅಲ್ಲೇ ಉಳಿದುಬಿಡಬೇಡಿ, ಅಷ್ಟೆ.

ಕತ್ತಲಿನ ತಿಂಗಳುಗಳಲ್ಲಿ ನಿದ್ದೆ ಬಾರದೆ, ಊಟ ಸೇರದೆ, ತರಗತಿಗೆ ಹೋಗಲು ಮನಸ್ಸಾಗದೆ ವಾರಗಟ್ಟಲೆ ಕಳೆದರೆ ಅದನ್ನು ಮನೆಯ ನೆನಪು ಎಂದು ತಳ್ಳಿಹಾಕದಿರಿ. ವಿದ್ಯಾರ್ಥಿ ಸೇವಾ ಸಂಸ್ಥೆಯಲ್ಲಿ ಮನಃಶಾಸ್ತ್ರಜ್ಞರ ಸಲಹೆ ಸಿಗುತ್ತದೆ, ಅವರು ನಿಮ್ಮ ಮಾತನ್ನು ಗೋಪ್ಯವಾಗಿ ಇಡುತ್ತಾರೆ. ಅನೇಕ ಕಡೆ ಇಂಗ್ಲಿಷಿನಲ್ಲೂ ಮಾತಾಡಬಹುದು. ಹೋಗಿ ಕೇಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಮನೆಗೆ ಫೋನ್ ಮಾಡುವ ಹೊತ್ತನ್ನೂ ನಿಗದಿ ಮಾಡಿಕೊಳ್ಳಿ: ಚಳಿಗಾಲದಲ್ಲಿ ಪುತ್ತೂರು ನಿಮಗಿಂತ ನಾಲ್ಕೂವರೆ ಗಂಟೆ ಮುಂದಿರುತ್ತದೆ, ಮಾರ್ಚ್ ಕೊನೆಯ ಭಾನುವಾರದಿಂದ ಮೂರೂವರೆ ಗಂಟೆ. ನಿಮ್ಮ ಸಂಜೆಗಳು ಫೋನಿನಲ್ಲೇ ಮುಗಿಯದಂತೆ, ನಿಮ್ಮ ಮಧ್ಯಾಹ್ನದ ಊಟದ ಹೊತ್ತಿಗೆ, ಅಂದರೆ ಅಮ್ಮನ ಸಂಜೆಯ ಕಾಫಿಯ ವೇಳೆಗೆ ಮಾತಾಡಿದರೆ ಇಬ್ಬರಿಗೂ ಅನುಕೂಲ.

ಪ್ರಶ್ನೆ: ನಾನು ಸಸ್ಯಾಹಾರಿ, ಮದ್ಯ ಮುಟ್ಟುವುದಿಲ್ಲ. ಅಲ್ಲಿ ಕುಡಿಯದಿದ್ದರೆ ಸ್ನೇಹವೇ ಆಗದು ಎಂದು ಹಿರಿಯ ವಿದ್ಯಾರ್ಥಿಯೊಬ್ಬರು ಹೆದರಿಸಿದ್ದಾರೆ. ನಿಜವೇ?
– ವಿದ್ಯಾರ್ಥಿ, ಬ್ರಹ್ಮಾವರ

ಉತ್ತರ: ಖಂಡಿತ ನಿಜವಲ್ಲ. ಬಿಯರ್ ಕುಡಿಯುವವರ ಮೇಜಿಗೆ ಹೋಗಿ ಸೇಬಿನ ರಸಕ್ಕೆ ಸೋಡಾ ಬೆರೆಸಿದ ಪಾನೀಯವನ್ನು ತರಿಸಿಕೊಂಡು ಕೂರಿ, ಅದನ್ನು ಕುಡಿಯುವ ಜರ್ಮನರೂ ಬೇಕಾದಷ್ಟಿದ್ದಾರೆ. "ನಾನು ಕುಡಿಯುವುದಿಲ್ಲ" ಎಂಬ ಒಂದು ಮಾತು ಸಾಕು, ಕಾರಣ ವಿವರಿಸುವ ಅಗತ್ಯ ಬೀಳದು. ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಸಸ್ಯಾಹಾರಿ ಮತ್ತು ವೀಗನ್ ಊಟಕ್ಕೆ ಪ್ರತ್ಯೇಕ ಗುರುತು ಇರುತ್ತದೆ. ಜೆಲ್ಲಿ ಮಿಠಾಯಿಗಳಲ್ಲಿ ಸಾಮಾನ್ಯವಾಗಿ ಪ್ರಾಣಿಜನ್ಯ ಜೆಲಾಟಿನ್ ಇರುತ್ತದೆಂಬುದನ್ನು ಮಾತ್ರ ನೆನಪಿಡಿ.

ಪ್ರಶ್ನೆ: ಬರುವ ಅಕ್ಟೋಬರ್‌ನಲ್ಲಿ ಸ್ಟುಟ್‌ಗಾರ್ಟ್‌ಗೆ ಹೊರಡುತ್ತಿದ್ದೇನೆ. ಯುರೋಪಿನ ರೈಲು ಪಾಸನ್ನು ಇಲ್ಲಿಂದಲೇ ಕೊಳ್ಳಬೇಕೇ? ಮೊದಲು ಯಾವ ಊರುಗಳನ್ನು ನೋಡಲಿ?
– ಸುರತ್ಕಲ್‌ನ ಓದುಗ

ಉತ್ತರ: ಇಲ್ಲಿಂದ ಕೊಳ್ಳಬೇಡಿ. ಯುರೋಪಿನ ಹೊರಗಿನವರಿಗೆ ಇರುವುದು ಯುರೇಲ್ ಪಾಸ್, ಅಲ್ಲಿನ ನಿವಾಸಿಗಳಿಗೆ ಇರುವುದು ಇಂಟರ್‌ರೇಲ್. ಜರ್ಮನಿಯಲ್ಲಿ ವಾಸದ ನೋಂದಣಿಯಾದ ಮೇಲೆ ನೀವು ನಿವಾಸಿಯೇ, ಆದ್ದರಿಂದ ಇಂಟರ್‌ರೇಲ್ ಕೊಳ್ಳಬೇಕು. 27 ವರ್ಷದವರೆಗೆ ಅದರಲ್ಲಿ ಯುವಜನರ ರಿಯಾಯಿತಿ ದರ ಇದೆ. ಎರಡು ಸಂಗತಿಗಳನ್ನು ಮೊದಲೇ ತಿಳಿದಿರಿ. ವಾಸಿಸುವ ದೇಶದೊಳಗೆ ಈ ಪಾಸಿನಲ್ಲಿ ಹೊರಹೋಗಲು ಒಮ್ಮೆ, ಮರಳಲು ಒಮ್ಮೆ ಮಾತ್ರ ಪ್ರಯಾಣಿಸಬಹುದು. ಫ್ರಾನ್ಸಿನ ವೇಗದ ರೈಲುಗಳಿಗೆ ಪಾಸ್ ಇದ್ದರೂ ಸೀಟು ಕಾಯ್ದಿರಿಸಲು ಬೇರೆ ಹಣ ಕಟ್ಟಬೇಕು. ಮೊದಲ ಸೆಮಿಸ್ಟರಿನಲ್ಲಿ ನಿಮಗೆ ಇದರ ಅಗತ್ಯವೇ ಬಾರದು ಎಂಬುದು ನನ್ನ ಅಭಿಪ್ರಾಯ. ಮೇಲೆ ಹೇಳಿದ ತಿಂಗಳ ಪಾಸಿನಲ್ಲೇ ನೋಡಲು ಬೇಕಾದಷ್ಟಿದೆ.

ಕರಾವಳಿಯಿಂದ ಹೋಗುವ ನಿಮಗೆ ನಾನು ಮೊದಲು ಹೇಳುವ ಊರುಗಳು ಬೇರೆ. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದ ಹರ್ಮನ್ ಮೊಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಎಸ್ಲಿಂಗೆನ್‌ನಲ್ಲಿ. ಅದು ಸ್ಟುಟ್‌ಗಾರ್ಟ್‌ನ ಪಕ್ಕದ ಊರು, ನಗರ ರೈಲಿನಲ್ಲೇ ಹೋಗಬಹುದು. ಅವರು ಓದಿದ್ದು ಟ್ಯೂಬಿಂಗೆನ್‌ನಲ್ಲಿ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕನ್ನಡ-ಇಂಗ್ಲಿಷ್ ನಿಘಂಟನ್ನು ರಚಿಸಿದ ಫರ್ಡಿನಾಂಡ್ ಕಿಟ್ಟೆಲ್ ತಮ್ಮ ಕೊನೆಯ ದಿನಗಳನ್ನು ಕಳೆದು 1903ರಲ್ಲಿ ನಿಧನರಾದದ್ದೂ ಅದೇ ಟ್ಯೂಬಿಂಗೆನ್‌ನಲ್ಲಿ. ಪ್ರಾದೇಶಿಕ ರೈಲಿನಲ್ಲಿ ಸುಮಾರು ಒಂದು ಗಂಟೆಯ ಹಾದಿ. ನೆಕ್ಕರ್ ನದಿಯ ದಡದ ಹಳೆಯ ಮನೆಗಳ ಸಾಲು, 1477ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ, ಗಲ್ಲಿಗಲ್ಲಿಯಲ್ಲೂ ವಿದ್ಯಾರ್ಥಿಗಳು. ನಡೆದೇ ಸುತ್ತಬಹುದಾದ ಊರು. ಹೊಸ ಗೆಳೆಯರನ್ನು ಕರೆದೊಯ್ದರೆ ನಿಮ್ಮ ಊರಿನ ಕಥೆಯನ್ನು ಅವರ ಊರಿನಲ್ಲೇ ನಿಂತು ಹೇಳುವ ಅವಕಾಶವೂ ದೊರೆಯುತ್ತದೆ.

ಬಳಿಕ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಿ. 1834ರಲ್ಲಿ ಮಂಗಳೂರಿಗೆ ಬಂದು, ಮುಂದೆ ಇಲ್ಲಿ ಅಚ್ಚುಕೂಟವನ್ನೂ ಹಂಚಿನ ಕಾರ್ಖಾನೆಯನ್ನೂ ನಡೆಸಿದ ಬಾಸೆಲ್ ಮಿಷನ್ ಹುಟ್ಟಿದ ನಗರ ಅದು. ಅದರ ದಾಖಲೆ ಸಂಗ್ರಹದಲ್ಲಿ ನಮ್ಮ ಕರಾವಳಿಯ ಹಳೆಯ ಛಾಯಾಚಿತ್ರಗಳಿವೆ. ಮೊದಲೇ ಪತ್ರ ಬರೆದು ಸಮಯ ಪಡೆದುಕೊಳ್ಳಿ. ಜರ್ಮನಿಯ ತಿಂಗಳ ಪಾಸು ಬಾಸೆಲ್‌ನ ಬಾಡಿಷರ್ ಬಾನ್‌ಹೋಫ್ ನಿಲ್ದಾಣದವರೆಗೂ ನಡೆಯುತ್ತದೆ, ಅಲ್ಲಿಂದ ನಗರದೊಳಕ್ಕೆ ಟ್ರಾಮಿನ ಟಿಕೆಟ್ ಬೇರೆ ಕೊಳ್ಳಬೇಕು. ಸ್ವಿಟ್ಜರ್ಲೆಂಡ್ ಶೆಂಗೆನ್ ವಲಯದಲ್ಲಿದ್ದರೂ ಯುರೋಪಿಯನ್ ಒಕ್ಕೂಟದಲ್ಲಿಲ್ಲ. 2017ರಿಂದ ಒಕ್ಕೂಟದ ದೇಶಗಳಲ್ಲಿ ಜಾರಿಯಲ್ಲಿರುವ, ಹೆಚ್ಚುವರಿ ಶುಲ್ಕವಿಲ್ಲದ ಮೊಬೈಲ್ ರೋಮಿಂಗ್ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ. ಆದ್ದರಿಂದ ನಿಮ್ಮ ಸಿಮ್ ಪ್ಲಾನಿನಲ್ಲಿ ಆ ದೇಶ ಸೇರಿದೆಯೇ ಎಂದು ಮೊದಲೇ ನೋಡಿ. ಸೇರಿಲ್ಲವಾದರೆ ಗಡಿಗೆ ಮೊದಲಿನ ನಿಲ್ದಾಣದಲ್ಲೇ ಡೇಟಾ ರೋಮಿಂಗ್ ಆಫ್ ಮಾಡಿಕೊಳ್ಳಿ.