ಕಾಗದ ಬಿಡಿ, ಕವರ್ ಎಲ್ಲಿದೆ?

ಮೊದಲು ಒಂದು ವಿಷಯ ಹೇಳಿ. ಆ ಮೂರು ಕಾಗದ ಬಂದವಲ್ಲ, ಅವುಗಳ ಕವರ್ ಎಲ್ಲಿವೆ? ಕೊಲೆಗಾರ ಅಂತ ಹೇಳಿಕೊಳ್ಳುವವನು ನಿಮ್ಮನ್ನು ಅಣಕಿಸಿ ಬರೆಯುತ್ತಿದ್ದಾನೆ, ಪತ್ರಿಕೆಯಲ್ಲೇ ಉತ್ತರ ಕೊಟ್ಟು ಮಾತಿಗೆಳೆಯಲಾ ಇಲ್ಲಾ ಪೊಲೀಸರಿಗೆ ಕೊಡಲಾ ಅಂತ ಕೇಳಿದ್ದೀರಿ. ಅವನ ಮಾತೆಲ್ಲ ಬರೆದಿದ್ದೀರಿ. ಕವರ್ ಬಗ್ಗೆ ಒಂದಕ್ಷರ ಇಲ್ಲ. ನಾನೂ ಹಾಗೇ ಮಾಡಿದ್ದೆ.

ಇಪ್ಪತ್ತೈದು ವರ್ಷದ ಮೇಲಾಯಿತು. ಒಂದು ಜಿಲ್ಲಾ ಕೇಂದ್ರದಲ್ಲಿ ಸಣ್ಣ ಪತ್ರಿಕೆಯ ವರದಿಗಾರ ನಾನು. ಕ್ರೈಮು, ಕೋರ್ಟು, ಮಾರುಕಟ್ಟೆ ಧಾರಣೆ ಎಲ್ಲಾ ನನ್ನ ತಲೆಗೇ. ಎರಡು ತಿಂಗಳೊಳಗೆ ಒಂಟಿಯಾಗಿದ್ದ ಇಬ್ಬರು ಹೆಂಗಸರ ಕೊಲೆ ಆಯಿತು. ಎರಡೂ ಒಬ್ಬನದೇ ಕೆಲಸ ಅಂತ ಪೊಲೀಸರು ಎಲ್ಲೂ ಹೇಳಿರಲಿಲ್ಲ. ಹಾಗೆ ಬರೆದವನು ನಾನು. ಹತ್ತು ದಿನಕ್ಕೆ ಕಾಗದ ಬಂತು. ನೋಟ್ ಬುಕ್ಕಿನಿಂದ ಹರಿದ ಗೆರೆ ಹಾಳೆ, ನೀಲಿ ಬಾಲ್ ಪೆನ್ನು, 'ಸ' ಬರೆಯಬೇಕಾದಲ್ಲೆಲ್ಲ 'ಶ'. ಮೊದಲ ಸಾಲೇ, 'ಎರಡು ಅಂತ ಬರೆದಿದ್ದೀಯ, ನಿನಗೆ ಎಣಿಶೋಕೆ ಬರಲ್ವಾ?'

ಕೈ ತಣ್ಣಗಾಯಿತು. ಆದರೆ ನಿಜ ಹೇಳಬೇಕು ಅಲ್ವಾ, ಭಯದ ಜೊತೆಗೆ ಇನ್ನೊಂದು ಇತ್ತು. ಊರಲ್ಲಿ ಅಷ್ಟು ಜನ ವರದಿಗಾರರಿದ್ದರೂ ಅವನು ಬರೆದದ್ದು ನನಗೆ. ಆ ಹಿಗ್ಗು ನಿಮ್ಮ ಪ್ರಶ್ನೆಯಲ್ಲೂ ಕಾಣಿಸಿತು. ಬೇಜಾರು ಮಾಡಿಕೊಳ್ಳಬೇಡಿ, ಅದನ್ನು ಅನುಭವಿಸಿದವನಾಗಿ ಹೇಳುತ್ತಿದ್ದೇನೆ.

ಕಾಗದ ಹಿಡಿದು ಡೆಸ್ಕಿಗೆ ಓಡಿದೆ. ಜೋರಾಗಿ ಓದಿದೆ. ಆರೇಳು ಜನ ಕೈಯಿಂದ ಕೈಗೆ ದಾಟಿಸಿ ನೋಡಿದರು. ಯಾರೋ ಪಿನ್ ಹೊಡೆದರು. ಅಷ್ಟೊತ್ತಿಗೆ ಕವರ್ ಹೋಗಿತ್ತು.

ಹೇಗೆ ಹೋಯಿತು ಅಂತ ಹೇಳುತ್ತೇನೆ, ಯಾಕೆಂದರೆ ಎಲ್ಲಾ ಇರುವುದು ಇದರಲ್ಲೇ. ನಮ್ಮಲ್ಲಿ ಟಪಾಲು ಒಡೆಯುತ್ತಿದ್ದವರು ಅಟೆಂಡರ್. ವಯಸ್ಸಾದವರು, ಕಾಗದ ಪೋಲು ಮಾಡಿದರೆ ಅವರಿಗೆ ಆಗುತ್ತಿರಲಿಲ್ಲ. ಬಂದ ಕವರ್‌ಗಳನ್ನೆಲ್ಲ ಬ್ಲೇಡಿನಿಂದ ಮೂರು ಕಡೆ ಸೀಳಿ, ಬಿಡಿಸಿ, ಒಳಮೈ ಮೇಲೆ ಬರೆಯಲು ಬರುವ ಹಾಗೆ ಕಟ್ಟು ಮಾಡಿ ನಮ್ಮ ಟೇಬಲ್ಲಿಗೆ ಇಡುತ್ತಿದ್ದರು. ನಾವು ಅದರ ಮೇಲೆ ಫೋನ್ ನಂಬರ್, ಹೆಡ್ಡಿಂಗು ಗೀಚುತ್ತಿದ್ದೆವು. ಶನಿವಾರ ರದ್ದಿಯವನು ಬರುತ್ತಿದ್ದ. ಅವರ ತಪ್ಪಲ್ಲ ಅದು. 'ಈ ಕಾಗದದ ಕವರ್ ಯಾವುದು, ತೆಗೆದಿಡಿ' ಅಂತ ನಾನು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಕಾಗದದಲ್ಲಿ ಮುಳುಗಿದ್ದೆ.

ಮರುದಿನ ಮುಖಪುಟದಲ್ಲಿ ಕಾಗದದ ಫೋಟೋ ಸಮೇತ ಹಾಕಿದೆವು. ಸರ್ಕಲ್ ಇನ್ಸ್‌ಪೆಕ್ಟರ್ ಬೆಳಿಗ್ಗೆ ಒಂಬತ್ತಕ್ಕೇ ಬಂದರು. ಬೈಯಲಿಲ್ಲ. ಕಾಗದವನ್ನು ಮೇಜಿನ ಮೇಲೇ ಬಿಟ್ಟು, 'ಇದು ಬಂದ ಕವರ್ ಕೊಡಿ' ಅಂದರು. ನಾನು ಅಟೆಂಡರ್ ಮುಖ ನೋಡಿದೆ, ಅವರು ಮೂಲೆಯ ಖಾಲಿ ಬುಟ್ಟಿ ನೋಡಿದರು. ಆ ದಿನ ಭಾನುವಾರ.

ಕವರ್ ಇದ್ದಿದ್ದರೆ ಏನಾಗುತ್ತಿತ್ತು ಅಂತ ಎಷ್ಟು ಸಲ ಲೆಕ್ಕ ಹಾಕಿದ್ದೇನೋ. ಮುಂಭಾಗದ ಅಂಚೆ ಮೊಹರಿನಲ್ಲಿ ಯಾವ ಪೋಸ್ಟ್ ಆಫೀಸು, ಯಾವ ತಾರೀಖು ಅಂತ ಇರುತ್ತಿತ್ತು. ರೈಲ್ವೆ ಸ್ಟೇಷನ್ ಡಬ್ಬಿಗೆ ಹಾಕಿದ್ದರೆ ರೈಲ್ವೆ ಅಂಚೆ ವಿಭಾಗದ ಆರ್‌ಎಂಎಸ್ ಮೊಹರು ಬೀಳುತ್ತಿತ್ತು. ನಮ್ಮ ಊರಿನವನೋ, ನಲವತ್ತು ಕಿಲೋಮೀಟರ್ ಆಚೆಯವನೋ, ಅಷ್ಟಾದರೂ ತಿಳಿಯುತ್ತಿತ್ತು. ಅಂಟಿನ ಮೇಲೆ ಎಂಜಲು ಇರುತ್ತಿತ್ತು. ಸ್ಟಾಂಪಿನ ಹಿಂದೆ ಹೆಬ್ಬೆರಳಿನ ಗುರುತು ಇದ್ದರೂ ಇರಬಹುದಿತ್ತು. ವಿಳಾಸ ಬರೆದ ರೀತಿ ಬೇರೆ. ಪಿನ್ ಕೋಡ್ ಹಾಕುವವನಾ, ಪತ್ರಿಕೆಯಲ್ಲಿ ಅಚ್ಚಾದ ವಿಳಾಸ ನೋಡಿ ಇಳಿಸಿದವನಾ, ಇಲ್ಲಾ ಸುಮ್ನೆ ಹೆಸರು, ಊರು ಬರೆದು ಹಾಕಿದವನಾ. ಒಳಗಿನ ಕಾಗದ ಬರೆಯುವಾಗ ಅವನು ಯೋಚಿಸಿ ಸುಳ್ಳು ಹೇಳುತ್ತಾನೆ. ಕವರ್ ಅಂಟಿಸುವಾಗ ಅಷ್ಟು ಯೋಚಿಸುವುದಿಲ್ಲ.

ಮುಂದಿನ ಎರಡು ಕಾಗದಕ್ಕೆ ಕವರೇ ಇರಲಿಲ್ಲ. ರಾತ್ರಿ ಬಾಗಿಲ ಸಂದಿಯಿಂದ ತೂರಿಸಿ ಹೋಗಿದ್ದ. ಅಂಚೆಯಲ್ಲಿ ಬಂದದ್ದು ಆ ಒಂದೇ.

ಎರಡನೆಯ ಕಾಗದದಲ್ಲಿ 'ನೈಟ್ ಡ್ಯೂಟಿ ಮುಗಿಶಿ ಬರುವಾಗ ನಿನ್ನ ಆಫೀಶ್ ಮುಂದೇ ಹೋಗ್ತೀನಿ' ಅಂತ ಇತ್ತು. ಪೊಲೀಸರು ಮಿಲ್ಲಿನ ರಾತ್ರಿ ಪಾಳಿಯವರ ಹಿಂದೆ ಬಿದ್ದರು. 'ಸ' ಬದಲು 'ಶ' ಬರೆಯುವ ಒಬ್ಬ ಸಿಕ್ಕ. ನಾಲ್ಕು ದಿನ ಸ್ಟೇಷನ್ನಿನಲ್ಲಿ ಕೂರಿಸಿದರು. ಅವನ ಹೆಂಡತಿ ಕಂಕುಳಲ್ಲಿ ಮಗು ಎತ್ತಿಕೊಂಡು ನಮ್ಮ ಆಫೀಸಿಗೆ ಬಂದಳು. 'ಅಣ್ಣಾ, ಯಾವ ಅಕ್ಷರ ತಪ್ಪು ಬರೆದರೆ ಹಿಡೀತಾರೆ ಅಂತ ನಿಮ್ಮ ಪೇಪರ್‌ನಲ್ಲಿ ಬಂದಿದೆಯಂತಲ್ಲ' ಅಂತ ಕೇಳಿದಳು. ಅವಳಿಗೆ ಓದು ಬರುತ್ತಿರಲಿಲ್ಲ.

ಅವನನ್ನು ಬಿಟ್ಟರು, ಆದರೆ ಮಿಲ್ಲಿನವರು ವಾಪಸ್ ಸೇರಿಸಿಕೊಳ್ಳಲಿಲ್ಲ. ಐದಾರು ತಿಂಗಳ ಮೇಲೆ ಎರಡೂ ಕೊಲೆಗೆ ಬೇರೆ ಬೇರೆ ಆರೋಪಿಗಳು ಸಿಕ್ಕರು. ಒಂದು ಆಸ್ತಿ ಜಗಳ, ಇನ್ನೊಂದು ಒಡವೆಗಾಗಿ. ಸರಣಿಯೇ ಇರಲಿಲ್ಲ. ಕಾಗದ ಬರೆದವನು ಯಾರು ಅಂತ ಇವತ್ತಿಗೂ ಗೊತ್ತಿಲ್ಲ.

ಇದು ನನ್ನೊಬ್ಬನ ಕತೆ ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಯಾರ್ಕ್‌ಶೈರ್ ಕೊಲೆಗಳ ವಿಷಯ ಓದಿ. 1978 ಮತ್ತು 1979ರಲ್ಲಿ 'ನಾನೇ ಕೊಲೆಗಾರ' ಅಂತ ತನಿಖೆಯ ಮುಖ್ಯಸ್ಥ ಜಾರ್ಜ್ ಓಲ್ಡ್‌ಫೀಲ್ಡ್‌ಗೆ ಎರಡು ಕಾಗದ, ಡೈಲಿ ಮಿರರ್ ಪತ್ರಿಕೆಗೆ ಒಂದು ಕಾಗದ ಬಂದವು. ಆಮೇಲೆ ಒಂದು ಕ್ಯಾಸೆಟ್, ಓಲ್ಡ್‌ಫೀಲ್ಡ್ ಹೆಸರು ಹಿಡಿದು ಅಣಕಿಸುವ ದನಿ. ಆ ಮಾತಿನ ಧಾಟಿ ಸಂಡರ್ಲ್ಯಾಂಡ್ ಕಡೆಯದು ಅಂತ ಪೊಲೀಸರು ಆ ಧಾಟಿಯವನಿಗಾಗಿ ಹುಡುಕಿದರು. ನಿಜವಾದ ಕೊಲೆಗಾರ ಪೀಟರ್ ಸಟ್‌ಕ್ಲಿಫ್ ಬ್ರಾಡ್‌ಫರ್ಡ್‌ನ ಲಾರಿ ಡ್ರೈವರ್, ಅವನ ಮಾತು ಹಾಗಿರಲಿಲ್ಲ. ಆ ತನಿಖೆಯಲ್ಲಿ ಅವನನ್ನು ಒಟ್ಟು ಒಂಬತ್ತು ಸಲ ವಿಚಾರಿಸಿ ಬಿಟ್ಟಿದ್ದರು. ಕ್ಯಾಸೆಟ್ ಬಂದ ಮೇಲೆ ಇನ್ನೂ ಮೂವರು ಹೆಂಗಸರು ಸತ್ತರು. 1981ರ ಜನವರಿಯಲ್ಲಿ ಅವನು ಸಿಕ್ಕಿದ್ದು ಕಾರಿನ ನಂಬರ್ ಪ್ಲೇಟ್ ನಕಲಿ ಅಂತ.

ಕಾಗದ ಬರೆದವನು ಮಾತ್ರ 2005ರ ತನಕ ಸಿಗಲಿಲ್ಲ. ಸಿಕ್ಕಿದ್ದು ಹೇಗೆ ಗೊತ್ತಾ? ಕವರ್‌ನ ಅಂಟಿನ ಒಂದು ಚೂರು ಲ್ಯಾಬಿನಲ್ಲಿ ಉಳಿದಿತ್ತು. ಅದರ ಮೇಲಿನ ಎಂಜಲಿನ ಡಿಎನ್‌ಎ, ಬೇರೊಂದು ಸಣ್ಣ ಕೇಸಿನಲ್ಲಿ ಮೊದಲೇ ದಾಖಲಾಗಿದ್ದ ಜಾನ್ ಹಂಬಲ್ ಅನ್ನುವವನ ಡಿಎನ್‌ಎಗೆ ಹೊಂದಿತು. ಸಂಡರ್ಲ್ಯಾಂಡಿನವನೇ. 2006ರಲ್ಲಿ ಎಂಟು ವರ್ಷ ಶಿಕ್ಷೆ ಆಯಿತು. ಆ ಸುದ್ದಿ ಓದಿದ ದಿನ ನಾನು ಊಟ ಮಾಡಲಿಲ್ಲ. 26 ವರ್ಷ ಯಾರೋ ಒಂದು ಚೂರು ಕಾಗದ ಜೋಪಾನ ಮಾಡಿದ್ದರು. ನಮ್ಮದು ಎರಡು ದಿನ ಬಾಳಲಿಲ್ಲ.

ಹಾಗಾಗಿ 'ಕೊಲೆಗಾರ ನನಗೆ ಬರೆಯುತ್ತಿದ್ದಾನೆ' ಅನ್ನುವ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ಯಾರೋ ಬರೆಯುತ್ತಿದ್ದಾನೆ, ಅಷ್ಟೇ. ಅಣಕಿಸುವುದಕ್ಕೆ ಕೊಲೆ ಮಾಡಿರಬೇಕಾಗಿಲ್ಲ, ಪೇಪರ್ ಓದಿದ್ದರೆ ಸಾಕು. ನಿಮ್ಮ ವರದಿಯಲ್ಲಿ ಬಾರದ ಒಂದೇ ಒಂದು ವಿವರ ಆ ಕಾಗದಗಳಲ್ಲಿ ಇದೆಯಾ, ಪೊಲೀಸರ ಜೊತೆ ಕೂತು ನೋಡಿ. ಅಮೆರಿಕದ ವಿಚಿಟಾದಲ್ಲಿ ಹತ್ತು ಜನರನ್ನು ಕೊಂದು ತನ್ನನ್ನು ಬಿಟಿಕೆ (ಇಂಗ್ಲಿಷಿನಲ್ಲಿ ಕಟ್ಟಿಹಾಕು, ಹಿಂಸಿಸು, ಕೊಲ್ಲು ಅನ್ನುವುದರ ಮೊದಲಕ್ಷರಗಳು) ಅಂತ ಕರೆದುಕೊಂಡಿದ್ದ ಡೆನಿಸ್ ರೇಡರ್ 2004ರಲ್ಲಿ ಅಲ್ಲಿನ ಪತ್ರಿಕೆಗೆ ಬರೆದಾಗ, 1986ರಲ್ಲಿ ಸತ್ತ ಹೆಂಗಸಿನ ಡ್ರೈವಿಂಗ್ ಲೈಸೆನ್ಸಿನ ನಕಲು, ಅವಳ ದೇಹದ ಫೋಟೋಗಳು ಒಳಗಿದ್ದವು. ಅದು ಪುರಾವೆ. ಕವರ್ ಮೇಲೆ ಕಳುಹಿಸಿದವರ ಹೆಸರು ಬಿಲ್ ಥಾಮಸ್ ಕಿಲ್‌ಮನ್ ಅಂತ ಇತ್ತು, ಮೊದಲಕ್ಷರಗಳನ್ನು ಕೂಡಿಸಿ ನೋಡಿ. ಅಲ್ಲೂ ಕವರೇ.

ಪತ್ರಿಕೆಯಲ್ಲಿ ಉತ್ತರ ಕೊಟ್ಟು ಹಿಡಿದದ್ದೂ ಅದೇ ಕೇಸಿನಲ್ಲಿ. ಕಂಪ್ಯೂಟರಿನ ಫ್ಲಾಪಿ ಡಿಸ್ಕ್ ಕಳುಹಿಸಿದರೆ ಪತ್ತೆ ಹಚ್ಚೋಕೆ ಆಗುತ್ತಾ ಅಂತ ಅವನು ಕೇಳಿದ, ಆಗಲ್ಲ ಅನ್ನುವ ಅರ್ಥ ಬರುವ ಹಾಗೆ ವರ್ಗೀಕೃತ ಜಾಹೀರಾತು ಬಂತು, ಅವನು ಟಿವಿ ಚಾನೆಲ್ಲಿಗೆ ಫ್ಲಾಪಿ ಕಳುಹಿಸಿದ, ಅದರಲ್ಲಿ ಅಳಿಸಿದ್ದ ಫೈಲಿನಿಂದ ಅವನ ಹೆಸರು, ಚರ್ಚಿನ ಹೆಸರು ಸಿಕ್ಕಿ 2005ರ ಫೆಬ್ರವರಿಯಲ್ಲಿ ಒಳಗೆ ಹೋದ. ಆದರೆ ಆ ಜಾಹೀರಾತು ಕೊಟ್ಟವರು ಪೊಲೀಸರು. ಯಾವುದೋ ವರದಿಗಾರ ತನ್ನ ಧೈರ್ಯಕ್ಕೆ ಬರೆದದ್ದಲ್ಲ. ನೀವು ನಿಮ್ಮಷ್ಟಕ್ಕೆ ಉತ್ತರ ಬರೆಯಬೇಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

'ಸೋರ್ಸ್ ಬಿಟ್ಟುಕೊಟ್ಟ ಹಾಗಾಗುತ್ತಲ್ಲ' ಅಂತ ಕೊನೆಗೆ ಬರೆದಿದ್ದೀರಿ. ಅವನು ನಿಮ್ಮ ಸೋರ್ಸ್ ಅಲ್ಲ. ನೀವು ಅವನಿಗೆ ಯಾವ ಮಾತೂ ಕೊಟ್ಟಿಲ್ಲ. ಕೊಲೆ ನಡೆದದ್ದು ಅಥವಾ ನಡೆಯಲಿರುವುದು ತಿಳಿದರೆ ಪೊಲೀಸರಿಗೆ ಹೇಳಬೇಕು ಅಂತ ಕಾನೂನಿದೆ, ಕ್ರಿಮಿನಲ್ ಕೇಸುಗಳ ತನಿಖೆ, ವಿಚಾರಣೆ ಹೇಗೆ ಅಂತ ಹೇಳುವ ಈಗಿನ ಕಾಯ್ದೆ ಬಿಎನ್‌ಎಸ್‌ಎಸ್‌ನ 33ನೇ ಕಲಂ ನೋಡಿಕೊಳ್ಳಿ.

ಈಗ ಎದ್ದು ಹೋಗಿ ಕವರ್ ಹುಡುಕಿ. ಬುಟ್ಟಿ, ಡ್ರಾಯರ್, ಟಪಾಲು ವಿಭಾಗದ ಗೋಣಿಚೀಲ. ಸಿಕ್ಕರೆ ಅಂಚು ಮಾತ್ರ ಹಿಡಿದು ಹೊಸ ಕಾಗದದ ಕವರ್ ಒಳಗೆ ಹಾಕಿ, ಪ್ಲಾಸ್ಟಿಕ್ ಬೇಡ, ತೇವ ಕೂಡುತ್ತದೆ. ಒಂದೊಂದಕ್ಕೆ ಒಂದೊಂದು. ಪಿನ್ ಹೊಡೆಯಬೇಡಿ, ಮೇಲೆ ತಾರೀಖು ಬರೆಯಬೇಡಿ. ಯಾರ್‍ಯಾರು ಮುಟ್ಟಿದ್ದಾರೆ ಅಂತ ಪಟ್ಟಿ ಮಾಡಿ, ಅವರ ಬೆರಳಚ್ಚು ಬೇರೆ ತೆಗೆಯಬೇಕಾಗುತ್ತದೆ. ಟಪಾಲು ಒಡೆಯುವವರಿಗೆ ಇವತ್ತೇ ಹೇಳಿ, ಗದರಿಸಿ ಅಲ್ಲ, ಕೂರಿಸಿ ಹೇಳಿ. ಮೂಲ ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸಂಪಾದಕರು ಮೊದಲು ಅಚ್ಚಾಗಲಿ ಅಂದರೆ ನನ್ನ ಕತೆ ಹೇಳಿ.

ಮತ್ತೆ ಕೆಲವು ದಿನ ರಾತ್ರಿ ಪಾಳಿ ಮುಗಿಸಿ ಒಬ್ಬರೇ ಮನೆಗೆ ಹೋಗಬೇಡಿ. ಬರೆದವನು ಕೊಲೆಗಾರ ಅಲ್ಲದೇ ಇರಬಹುದು, ಆದರೆ ನಿಮ್ಮ ಆಫೀಸ್ ಎಲ್ಲಿದೆ ಅಂತ ಅವನಿಗೆ ಗೊತ್ತು. ಕವರ್ ಸಿಕ್ಕಿತಾ ಇಲ್ವಾ ಅಂತ ಇಲ್ಲೇ ಒಂದು ಸಾಲು ಬರೆಯಿರಿ, ನಾನು ನೋಡುತ್ತಿರುತ್ತೇನೆ.