ಅಪ್ಪನ ಬುಲೆಟ್ ಭಾರ ಇಳಿಸೋದು ಹೇಗೆ?

ಪ್ರಶ್ನೆ: ಅಪ್ಪನ 1994ರ ಬುಲೆಟ್ 350 ಈಗ ನಾನು ಓಡಿಸುತ್ತಿದ್ದೇನೆ. ಚಾರ್ಮಾಡಿ ತಿರುವುಗಳಲ್ಲಿ ಗಾಡಿ ತುಂಬಾ ಭಾರ ಅನ್ನಿಸುತ್ತದೆ. ತೋಟದ ಏರಲ್ಲಿ ತಳ್ಳೋಕೂ ಆಗಲ್ಲ. ಮಡ್‌ಗಾರ್ಡ್ ಕತ್ತರಿಸು, ಲಿಥಿಯಂ ಬ್ಯಾಟರಿ ಹಾಕಿಸು ಅಂತ ಸ್ನೇಹಿತರು ಹೇಳುತ್ತಾರೆ. ಏನು ಮಾಡಲಿ ಸರ್?
– ಓದುಗರು, ಮೂಡಿಗೆರೆ

ಉತ್ತರ: ಸದ್ಯಕ್ಕೆ ಏನನ್ನೂ ಕತ್ತರಿಸಬೇಡಿ. ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್ ಮಾಡಿ, ಹಿಂದಿನ ಚಕ್ರವನ್ನು ಕೈಯಲ್ಲಿ ಜೋರಾಗಿ ತಿರುಗಿಸಿ. ಕೈ ಬಿಟ್ಟ ಮೇಲೂ ಸಲೀಸಾಗಿ ಸುತ್ತಬೇಕು. ಅರ್ಧ ಸುತ್ತಿಗೇ ನಿಂತರೆ ಬ್ರೇಕ್ ಶೂ ಡ್ರಮ್ಮಿಗೆ ಉಜ್ಜುತ್ತಿದೆ, ಇಲ್ಲವೇ ಚೈನ್ ಬಿಗಿಯಾಗಿದೆ. ಆಮೇಲೆ ಮುಂದಿನ ಚಕ್ರ ನೆಲದಿಂದ ಎತ್ತಿಸಿ, ಹ್ಯಾಂಡಲ್ಲನ್ನು ನಿಧಾನವಾಗಿ ಆಚೀಚೆ ತಿರುಗಿಸಿ. ನಡುವೆ ಎಲ್ಲೋ ಕಟಕ್ ಅಂತ ಸಿಕ್ಕಿಕೊಂಡರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಹೋಗಿದೆ ಅಂತ ಅರ್ಥ. ಅದು ಹೋದ ಗಾಡಿ ತಿರುವಿನಲ್ಲಿ ಹೇಳಿದ ಮಾತು ಕೇಳುವುದಿಲ್ಲ. ಭಾರ ಅಂತ ನನ್ನ ಹತ್ತಿರ ಬರುವ ಹಳೇ ಗಾಡಿಗಳಲ್ಲಿ ಈ ಎರಡು ದೋಷ ಜಾಸ್ತಿ. ಟೈರಿನ ಗಾಳಿಯನ್ನೂ ನೋಡಿಬಿಡಿ.

ಇನ್ನು ನಿಜವಾದ ತೂಕ. ಕಂಪನಿ ಕೊಟ್ಟಾಗಲೇ ಆ ಗಾಡಿ 160 ಕಿಲೊ ಮೇಲಿತ್ತು. ಆಮೇಲೆ ನಾವು ಸೇರಿಸಿದ್ದನ್ನು ಮೊದಲು ತೆಗೆಯೋಣ. ದಪ್ಪ ಲೆಗ್ ಗಾರ್ಡ್, ಹಿಂದಿನ ಕ್ಯಾರಿಯರ್, ಕಬ್ಬಿಣದ ಪೆಟ್ಟಿಗೆ ಎಲ್ಲ ಬಿಚ್ಚಿ, ಕಾಫಿ ಮೂಟೆ ತೂಗುವ ತಕ್ಕಡಿ ಮೇಲೆ ಇಡಿ. ಎಷ್ಟಾಯಿತು ಅಂತ ನಿಮಗೇ ಕಾಣುತ್ತದೆ. ಹಿಂದಿನ ಪೆಟ್ಟಿಗೆಯನ್ನಂತೂ ಮೊದಲು ತೆಗೆಯಿರಿ. ಅಷ್ಟು ಹಿಂದೆ, ಅಷ್ಟು ಎತ್ತರದಲ್ಲಿ ಕೂತ ಭಾರ ಪ್ರತಿ ತಿರುವಿನಲ್ಲೂ ಗಾಡಿಯನ್ನು ಓಲಾಡಿಸುತ್ತದೆ. ಪೆಟ್ರೋಲ್ ಕೂಡ ಲೀಟರಿಗೆ ಸುಮಾರು 750 ಗ್ರಾಂ. ಸುಮ್ನೆ ಸುತ್ತಾಡೋಕೆ ಹೋಗುವಾಗ ಅರ್ಧ ಟ್ಯಾಂಕ್ ಸಾಕು. ಖರ್ಚಿಲ್ಲದೆ ಐದು ಕಿಲೊ ಇಳಿಯಿತಲ್ವಾ?

ದುಡ್ಡು ಹಾಕುವುದಾದರೆ ಚಕ್ರಕ್ಕೆ ಹಾಕಿ. ಉಕ್ಕಿನ ರಿಮ್ ಬದಲು ಒಳ್ಳೆಯ ಅಲ್ಯೂಮಿನಿಯಂ ರಿಮ್, ಅನುಭವ ಇರುವವರ ಕೈಯಲ್ಲಿ ಕಡ್ಡಿ ಕಟ್ಟಿಸಿ. ತಿರುಗುವ ಭಾಗದಲ್ಲಿ, ಅದೂ ಸಸ್ಪೆನ್ಶನ್ ಕೆಳಗೆ, ಕಡಿಮೆಯಾದ ಒಂದೊಂದು ಕಿಲೊವೂ ಗುಂಡಿ ರಸ್ತೆಯಲ್ಲಿ ಗೊತ್ತಾಗುತ್ತದೆ. ಲಿಥಿಯಂ ಬ್ಯಾಟರಿಯಿಂದ ಉಳಿಯುವುದು ಒಂದು ಕಿಲೊ ಆಸುಪಾಸು ಅಷ್ಟೇ. ಹಳೇ ರೆಗ್ಯುಲೇಟರ್ ಓವರ್‌ಚಾರ್ಜ್ ಮಾಡಿದರೆ ಆ ದುಬಾರಿ ಬ್ಯಾಟರಿ ಬೇಗ ಹಾಳಾಗುತ್ತದೆ. ನಾನಾದರೆ ಹಾಕಿಸುವುದಿಲ್ಲ.

ಮಡ್‌ಗಾರ್ಡ್ ಮುಟ್ಟಲೇಬೇಡಿ. ನಾನು ಒಮ್ಮೆ ಕತ್ತರಿಸಿ, ಜುಲೈ ಮಳೆಯಲ್ಲಿ ಆಲ್ದೂರಿನಿಂದ ಚಿಕ್ಕಮಗಳೂರು ಮುಟ್ಟುವಷ್ಟರಲ್ಲಿ ಬೆನ್ನಿನಿಂದ ಹೆಲ್ಮೆಟ್‌ವರೆಗೆ ಕೆಸರಾಗಿದ್ದೆ. ಸೀರೆ ಗಾರ್ಡ್ ಕೂಡ ಇರಲಿ. ಹಿಂದೆ ಕೂರುವವರ ಬಟ್ಟೆ ಚಕ್ರಕ್ಕೆ ಸಿಗದಂತೆ ತಡೆಯುವ ಗಾರ್ಡ್ ಇರಬೇಕು ಅಂತ ಕಾನೂನೇ ಹೇಳುತ್ತದೆ.

ಇಷ್ಟಾದ ಮೇಲೂ ಏರಲ್ಲಿ ಒದ್ದಾಡಿದರೆ, ಗೇರ್‌ಬಾಕ್ಸ್ ಸ್ಪ್ರಾಕೆಟ್ಟಿನಲ್ಲಿ (ಚೈನ್ ಎಳೆಯುವ ಹಲ್ಲಿನ ಚಕ್ರ) ಒಂದು ಹಲ್ಲು ಕಡಿಮೆ ಮಾಡಿಸಿ. ಟಾಪ್ ಸ್ಪೀಡ್ ಸ್ವಲ್ಪ ಇಳಿಯುತ್ತದೆ, ಆದರೆ ಎಳೆತ ಹೆಚ್ಚುತ್ತದೆ. ನಿಮ್ಮ ಗಾಡಿಯಲ್ಲಿ ಆ ಸ್ಪ್ರಾಕೆಟ್ ಕ್ಲಚ್ ಹಿಂದೆ ಇರುತ್ತದೆ. ಹಾಗಾಗಿ ಮುಂದಿನ ಸಲ ಕ್ಲಚ್ ಪ್ಲೇಟ್ ಬದಲಿಸುವಾಗಲೇ ಮಾಡಿಸಿದರೆ ಎರಡು ಸಲ ಬಿಚ್ಚುವ ಕೂಲಿ ಉಳಿಯುತ್ತದೆ.